ಹೋಮ್‌ವರ್ಕ್ ಉಪಸಮಿತಿ

ವಾಶಿ ಸ್ಟೇಷನ್ನಿನ ಹತ್ತಿರ ಯಜ್ಞೇಶ್ವರರ ಸಸ್ಯಾಹಾರಿ ಹೋಟೆಲು. ಅವರ ಹೆಂಡತಿ ಸತ್ಯಭಾಮಾ ನೆರೂಳಿನ ಮನೆಯಿಂದ ಮಧ್ಯಾಹ್ನ ಬಂದು ಕೌಂಟರಿನಲ್ಲಿ ಕೂರುತ್ತಿದ್ದರು. ದೇಶದ ಶಾಲಾ ಶಿಕ್ಷಣ ನೀತಿಗೆ ಸಲಹೆ ಕೊಡುವ ಯೋಗ ಅವರಿಗೆ ಒದಗಿದ್ದೂ ಅಲ್ಲಿ ಕೂತಲ್ಲೇ.

ಥರ್ಮೋಕೋಲಿಗೆ ಇನ್ನೂ ನಿಷೇಧ ಬಂದಿರದ ಕಾಲ ಅದು. ದೆಹಲಿಯ ಒಂದು ದೊಡ್ಡ ಸಲಹಾ ಸಮಿತಿ ವಿಷಯಕ್ಕೊಂದರಂತೆ ಉಪಸಮಿತಿಗಳನ್ನು ಮಾಡುತ್ತಿತ್ತು. ಶಿಕ್ಷಣ ಇಲಾಖೆಯಿಂದ ನಿವೃತ್ತರಾಗಿ ವಾಶಿಯಲ್ಲೇ ನೆಲೆಸಿದ್ದ ಹಯಗ್ರೀವರ ಪಾಲಿಗೆ ಬಂದದ್ದು ಹೋಮ್‌ವರ್ಕ್. ಸದಸ್ಯರಲ್ಲಿ ಒಬ್ಬ ಶಿಕ್ಷಕ, ಒಬ್ಬ ತಜ್ಞ, ಒಬ್ಬ ಪಾಲಕ, ಒಬ್ಬ ಮಹಿಳೆ ಇರಲೇಬೇಕೆಂದು ನಿಯಮ. ಶಿಕ್ಷಕರಾಗಿ ಡೊಂಬಿವಲಿಯ ನಿವೃತ್ತ ಹೆಡ್‌ಮಾಸ್ಟರ್ ಶಂಕ್ರೆಪ್ಪ ಸಿಕ್ಕರು. ಕಲ್ಯಾಣದಲ್ಲಿ ಕೋಚಿಂಗ್ ಕ್ಲಾಸ್ ನಡೆಸುವ ಧರ್ಮಪಾಲ ತಾನೇ ತಜ್ಞನೆಂದು ಮುಂದೆ ಬಂದ. ಉಳಿದ ಎರಡು ಜಾಗವನ್ನೂ ಒಬ್ಬರಿಂದಲೇ ತುಂಬಬಹುದೆಂದು ಹಯಗ್ರೀವರಿಗೆ ಹೊಳೆದದ್ದು ಸತ್ಯಭಾಮಾ ಅವರ ಕೈಗೆ ಕಾಫಿಯ ಚಿಲ್ಲರೆ ಕೊಡುವಾಗ.

“ನೀವೇನೂ ಮಾಡ್ಬೇಕಿಲ್ಲಮ್ಮ. ಬಂದು ಕೂತು ಸೈನ್ ಹಾಕಿದ್ರೆ ಸಾಕು. ವರದಿ ಆಗಲೇ ಬರ್ದಿಟ್ಟಿದೀನಿ.”

“ಸಭೆಯೇ ಆಗ್ಲಿಲ್ಲ, ವರದಿ ಬರ್ದಾಯ್ತಾ?”

“ಸಭೆ ಆದ್ಮೇಲೆ ಬರೆಯಕ್ಕೆ ಟೈಮೆಲ್ಲಿರತ್ತೆ?”

ಸತ್ಯಭಾಮಾ ನಕ್ಕು ಒಪ್ಪಿದರು. ಒಪ್ಪಿದ್ದರ ಹಿಂದೆ ಒಂದು ಲೆಕ್ಕಾಚಾರವಿತ್ತು. ಅವರ ಮಗ ಅನೀಶ ಆರನೇ ಕ್ಲಾಸು. ಅವನಿಗೆ ವಾರಕ್ಕೊಂದು ಪ್ರಾಜೆಕ್ಟು. ಜ್ವಾಲಾಮುಖಿ, ಸೌರವ್ಯೂಹ, ಎಸ್ಕಿಮೋ ಮನೆ, ಎಲ್ಲವನ್ನೂ ಅಡುಗೆ ಮುಗಿಸಿ ನೆಲದ ಮೇಲೆ ಕೂತು ಮಾಡಿದ್ದು ಅವರೇ.

ಶನಿವಾರ ಹೋಟೆಲಿನ ಮಾಳಿಗೆಯ ಎಸಿ ಕೋಣೆಯಲ್ಲಿ ಸಭೆ. ಹಯಗ್ರೀವರು ವರದಿ ಓದಿದರು. ಗೃಹಪಾಠದಿಂದ ಮಕ್ಕಳಲ್ಲಿ ಶಿಸ್ತು ಬರುತ್ತದೆ, ಪ್ರಾಜೆಕ್ಟುಗಳಿಂದ ಸೃಜನಶೀಲತೆ ಅರಳುತ್ತದೆ, ಆದ್ದರಿಂದ ಅವನ್ನು ದುಪ್ಪಟ್ಟು ಮಾಡತಕ್ಕದ್ದು. ಶಂಕ್ರೆಪ್ಪ, ಧರ್ಮಪಾಲ ಇಬ್ಬರೂ ಬೋಂಡಾ ಬಾಯಲ್ಲಿಟ್ಟುಕೊಂಡೇ ಸಹಿ ಹಾಕಿದರು.

ಸತ್ಯಭಾಮಾ ಪೆನ್ನು ಮುಟ್ಟಲಿಲ್ಲ. “ಸೋಮವಾರಕ್ಕೆ ಅನೀಶನದ್ದೊಂದು ಪ್ರಾಜೆಕ್ಟ್ ಉಂಟು. ಮಳೆನೀರು ಕೊಯ್ಲಿನ ಮಾಡೆಲ್. ನೀರು ಹರಿಯುವ ಹಾಗೆ ಮಾಡ್ಬೇಕಂತೆ. ಅದೊಂದು ನೀವು ಮಾಡಿಕೊಡಿ, ಕಣ್ಣುಮುಚ್ಚಿ ಸೈನ್ ಹಾಕ್ತೇನೆ.”

“ಇಷ್ಟೇನಾ? ಅರ್ಧ ಗಂಟೆ ಕೆಲಸ,” ಎಂದರು ಹಯಗ್ರೀವರು.

“ಅಕ್ಕಾವ್ರ, ನಮ್ಮ ಸಾಲ್ಯಾಗ ಇಂಥಾವು ಹತ್ತು ಮಾಡಿಸೇನಿ,” ಎಂದರು ಶಂಕ್ರೆಪ್ಪ.

“ಮಾಡಿಸಿದ್ದಲ್ಲ ಸರ್, ಮಾಡಿದ್ದು ಕೇಳ್ತಿರೋದು,” ಎಂದು ಧರ್ಮಪಾಲ ಮೆಲ್ಲಗೆ ಹೇಳಿದ. “ರೆಡಿಮೇಡ್ ಇಲ್ಲೇ ಮಾರ್ಕೆಟ್ಟಲ್ಲಿ ಸಿಗುತ್ತೆ.”

ಸಮಿತಿಯ ಮರ್ಯಾದೆ ಪ್ರಶ್ನೆ ಎಂದು ಹಯಗ್ರೀವರು ಅವನ ಬಾಯಿ ಮುಚ್ಚಿಸಿದರು. ಧರ್ಮಪಾಲ ಹೋಗಿ ಥರ್ಮೋಕೋಲು, ಗಮ್ಮು, ಪ್ಲಾಸ್ಟಿಕ್ ನಳಿಗೆ ತಂದ. ಅವನು ತಂದದ್ದು ಚಪ್ಪಲಿಗೆ ಹಾಕುವ ಗಮ್ಮು. ಹಚ್ಚಿದ ಕಡೆಯೆಲ್ಲ ಥರ್ಮೋಕೋಲು ಕರಗಿ ಮಾಡೆಲ್ ಮನೆಯ ಗೋಡೆಯಲ್ಲಿ ತೂತು ಬಿತ್ತು. ಅದನ್ನೇ ಕಿಟಕಿ ಎಂದುಕೊಂಡು ಮುಂದುವರಿದರು. ಛಾವಣಿಯ ಇಳಿಜಾರು ಎಡಕ್ಕಿರಬೇಕೆಂದು ಹಯಗ್ರೀವರು, ಬಲಕ್ಕೆಂದು ಶಂಕ್ರೆಪ್ಪ. ಮಾತು ಬೆಳೆದು, ಶಂಕ್ರೆಪ್ಪ ಟೋಪಿ ತೆಗೆದಿಟ್ಟು ನೆಲದ ಮೇಲೆ ಪದ್ಮಾಸನ ಹಾಕಿ ಕೂತರು.

ಅನೀಶ ಮೂಲೆಯಲ್ಲಿ ಅಪ್ಪನ ಮೊಬೈಲಿನಲ್ಲಿ ಆಡುತ್ತಿದ್ದ. ಹಯಗ್ರೀವರು ಅವನನ್ನು ಕರೆದು, “ಮರಿ, ನಿಂಗೆ ಹೇಗಿರ್ಬೇಕು ಹೇಳು,” ಎಂದರು.

“ಕುಛ್ ಭೀ ಚಲೇಗಾ ಅಂಕಲ್,” ಎಂದ ಅನೀಶ. “ಬಸ್ ಮೇರಾ ನಾಮ್ ಬಡಾ ಲಿಖನಾ.” ಹೇಗಿದ್ದರೂ ನಡೆಯುತ್ತದೆ, ತನ್ನ ಹೆಸರು ಮಾತ್ರ ದೊಡ್ಡದಾಗಿ ಬರೆಯಬೇಕಂತೆ.

ಕೊನೆಗೆ ನೀರು ಹೊಯ್ದು ನೋಡುವ ಗಳಿಗೆ ಬಂತು. ಶಂಕ್ರೆಪ್ಪ ಭಕ್ತಿಯಿಂದ ಒಂದು ಜಗ್ಗು ನೀರು ಛಾವಣಿಯ ಮೇಲೆ ಸುರಿದರು. ನೀರು ನಳಿಗೆಯೊಂದನ್ನು ಬಿಟ್ಟು ಉಳಿದೆಲ್ಲ ಕಡೆಯಿಂದ ಹರಿದು ಮಾಳಿಗೆಯ ಹಲಗೆಯ ಸಂದಿಗೆ ಇಳಿಯಿತು.

ಯಜ್ಞೇಶ್ವರ ಮೆಟ್ಟಿಲಲ್ಲಿ ತಲೆ ತೋರಿಸಿದರು. “ಕೆಳಗೆ ಗಿರಾಕಿಯ ಸಾಂಬಾರಿಗೆ ಮೇಲಿಂದ ನೀರು ಬೀಳ್ತಾ ಉಂಟು. ದೇಶದ ಕೆಲಸ ಇನ್ನೆಷ್ಟು ಹೊತ್ತು?”

ದೀಪ ಹಚ್ಚುವ ಹೊತ್ತಿಗೆ ಮಾಡೆಲ್ಲು ಒಂದು ರೂಪಕ್ಕೆ ಬಂತು. ಹಯಗ್ರೀವರು ಅದನ್ನು ಎಲ್ಲ ಕಡೆಯಿಂದ ನೋಡಿ ತೃಪ್ತಿಪಟ್ಟರು. ಸತ್ಯಭಾಮಾ ಪೆನ್ನು ಎತ್ತಿಕೊಂಡಾಗ ಅವರೇ ತಡೆದರು. “ಗ್ರೇಡ್ ಬರಲಿ ಬಿಡಿ. ವರದಿಗೊಂದು ಉದಾಹರಣೆ ಆಗುತ್ತೆ.”

ಸೋಮವಾರ ಗ್ರೇಡ್ ಬಂತು. ಬಿ. ಕೆಳಗೆ ಕೆಂಪು ಶಾಯಿಯಲ್ಲಿ ‘ಇನ್ನೂ ಶ್ರಮಪಡಬೇಕು’ ಎಂದು ಷರಾ.

ಹಯಗ್ರೀವರಿಗೆ ಆ ರಾತ್ರಿ ಊಟ ಸೇರಲಿಲ್ಲ. ಮರುದಿನ ಇಸ್ತ್ರಿ ಅಂಗಿ ತೊಟ್ಟು, ಶಂಕ್ರೆಪ್ಪನವರನ್ನು ಡೊಂಬಿವಲಿಯಿಂದ ಕರೆಸಿಕೊಂಡು ಶಾಲೆಗೆ ಹೋದರು. ಮಜಾ ತಪ್ಪಿಸಿಕೊಳ್ಳಬಾರದೆಂದು ಸತ್ಯಭಾಮಾ ಕೂಡ ಹಿಂದೆ ಹೊರಟರು. ವಿಜ್ಞಾನದ ಟೀಚರ್ ವಿನೋದಾ ಮಂಗಳೂರು ಕಡೆಯವರು.

“ಇದಕ್ಕೆ ಬಿ ಯಾಕೆ ಕೊಟ್ರಿ ಅಂತ ತಿಳ್ಕೋಬಹುದಾ?” ಎಂದರು ಹಯಗ್ರೀವರು.

“ನೀವು ಅನೀಶನ ಅಜ್ಜನಾ?”

“ನಾವು... ರಾಷ್ಟ್ರೀಯ ಉಪಸಮಿತಿ.”

ವಿನೋದಾ ಟೀಚರ್ ಅವರನ್ನೊಮ್ಮೆ, ಶಂಕ್ರೆಪ್ಪನವರ ಟೋಪಿಯನ್ನೊಮ್ಮೆ ನೋಡಿದರು. “ಬೇಜಾರು ಮಾಡ್ಬೇಡಿ ಸರ್. ಬಾಕಿ ಮಕ್ಕಳ ಅಪ್ಪಂದಿರು ಸಿವಿಲ್ ಇಂಜಿನಿಯರುಗಳು. ಅವರ ಎದುರಿಗೆ ನಿಮ್ಮದು ಸ್ವಲ್ಪ ವೀಕ್.”

“ಮಕ್ಕಳು ಮಾಡಿದ್ದು ಒಂದೂ ಇಲ್ಲೇನ್ರೀ?” ಎಂದು ಶಂಕ್ರೆಪ್ಪ ಕೇಳಿದರು.

“ಒಂದು ಇತ್ತು. ಒಬ್ಬ ಹುಡುಗ ಬಕೆಟಿನ ಮೇಲೆ ಹರಿದ ಕೊಡೆ ಉಲ್ಟಾ ಇಟ್ಟು ತಂದಿದ್ದ. ನೀರು ಚಂದ ಬೀಳ್ತಿತ್ತು. ಆದರೆ ನೋಡ್ಲಿಕ್ಕೆ ಚಂದ ಇಲ್ಲ ಅಂತ ಪ್ರಿನ್ಸಿಪಾಲ್ ಮೇಡಂ ಸಿ ಹಾಕಿಸಿದ್ರು.”

ಹಿಂದಿರುಗುವ ಆಟೋದಲ್ಲಿ ಸತ್ಯಭಾಮಾ ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಆದರೂ ಮುದುಕರ ಮುಖ ನೋಡಿ ಸ್ವಲ್ಪ ಪಾಪ ಅನ್ನಿಸದೆ ಇರಲಿಲ್ಲ.

ಆ ವಾರವೇ ಹಯಗ್ರೀವರು ಹಳೆಯ ವರದಿಯನ್ನು ಹರಿದು ಹೊಸದು ಬರೆದರು. ಎಂಟನೇ ಕ್ಲಾಸಿನವರೆಗೆ ಪ್ರಾಜೆಕ್ಟುಗಳು ಶಾಲೆಯಲ್ಲೇ, ಮಕ್ಕಳ ಕೈಯಿಂದಲೇ ಆಗತಕ್ಕದ್ದು. ಧರ್ಮಪಾಲ ಗೊಣಗುತ್ತ ಸಹಿ ಹಾಕಿದ. ಸತ್ಯಭಾಮಾ ತಮ್ಮ ಹೆಸರನ್ನು ಸಾಲು ತುಂಬ ದೊಡ್ಡದಾಗಿ ಬರೆದರು.

ದೆಹಲಿಯಿಂದ ಉತ್ತರ ಬರಲು ದೀಪಾವಳಿ ಕಳೆಯಿತು. ಉಪಸಮಿತಿಗಳ ವರದಿಗಳನ್ನು ಪರಿಶೀಲಿಸಲು ಇನ್ನೊಂದು ಸಮಿತಿ ಮಾಡಲಾಗಿದೆ, ಪಾಲಕ ಸದಸ್ಯರೊಬ್ಬರನ್ನು ಕಳಿಸಿ ಎಂದು. ಹಯಗ್ರೀವರು ಯೋಚನೆಯನ್ನೇ ಮಾಡದೆ ಸತ್ಯಭಾಮಾ ಹೆಸರು ಕಳಿಸಿದರು.

ಸತ್ಯಭಾಮಾ ರಾಜಧಾನಿ ರೈಲು ಹತ್ತಿದ ವಾರವೇ ಅನೀಶನಿಗೆ ಕೋಟೆಯ ಮಾಡೆಲ್ಲು ಮಾಡುವುದಿತ್ತು. ವರದಿ ಶಾಲೆಗಳಿಗೆ ಮುಟ್ಟುವುದು ಇನ್ನೂ ಎಷ್ಟೋ ದೂರದ ಮಾತು. ಸಭೆ ಮುಗಿಸಿ ಸಂಜೆ ಅವರು ದೆಹಲಿಯ ಗೆಸ್ಟ್‌ಹೌಸಿನಿಂದ ಮನೆಗೆ ಫೋನ್ ಮಾಡಿದರು. ಆ ಕಡೆಯಿಂದ ಜೋರಾಗಿ ವಾದ ಕೇಳಿಸುತ್ತಿತ್ತು.

“ಯಾರು ಅದು ಮನೆಯಲ್ಲಿ?”

“ಹಯಗ್ರೀವರು ಮಧ್ಯಾಹ್ನವೇ ಬಂದಿದ್ದಾರೆ,” ಎಂದರು ಯಜ್ಞೇಶ್ವರ. “ಶಂಕ್ರೆಪ್ಪನವರು ಡೊಂಬಿವಲಿಯಿಂದ ಕೆಮ್ಮಣ್ಣು ತಂದಿದ್ದಾರೆ. ಈ ಸಲ ಎ ಬರಲೇಬೇಕಂತೆ. ನಾನು ಬುರುಜು ಹಿಡ್ಕೊಂಡು ನಿಂತಿದ್ದೇನೆ ಮಾರಾಯ್ತಿ, ಆಮೇಲೆ ಮಾಡು.”