ತಾಂಡೇಲನ ಹಗಲುನಿದ್ದೆ

ಕಮಲ ಅರೆಯುವ ಕಲ್ಲನ್ನು ಸದ್ದಾಗದಂತೆ ತಿರುಗಿಸುತ್ತಿದ್ದಳು. ರಾತ್ರಿಯ ಬಂಗುಡೆ ಸಾರಿಗೆ ಮಸಾಲೆ. ಮಿಕ್ಸಿ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿತ್ತು. ಗಂಡ ನಾಗ ಉಂಡು ಒಳಗೆ ಮಲಗಿದ್ದ. ಬೆಳಕು ಬಾರದ ಹಾಗೆ ಕಿಟಕಿಗೆ ಅವಳದೇ ಹಳೆಯ ಸೀರೆ ಕಟ್ಟಿತ್ತು. ರಾತ್ರಿ ಕಡಲಿಗೆ ಹೋಗುವ ಗಂಡಸರ ಮನೆಗಳಲ್ಲಿ ಹಗಲೆಂದರೆ ಪಿಸುಮಾತು. ಮದುವೆಯಾಗಿ ಬಂದ ವಾರವೇ ಅತ್ತೆ ಕಲಿಸಿದ ಪಾಠ: ಪಾತ್ರೆ ಸದ್ದಾದರೆ ಗಂಡನ ನಿದ್ದೆ ಕೆಡುತ್ತದೆ, ಅವನ ನಿದ್ದೆ ಕೆಟ್ಟರೆ ದೋಣಿ ಕೆಡುತ್ತದೆ.

ಆದರೆ ನಾಗ ಈಗ ಕಡಲಿಗೆ ಹೋಗುತ್ತಿರಲಿಲ್ಲ. ಮಂಜಯ್ಯನವರ ಬೋಟಿಗೆ ಅವನು ತಾಂಡೇಲ, ಚುಕ್ಕಾಣಿ ಹಿಡಿಯುವವನು. ಕಳೆದ ಸೀಸನ್ನಿನ ಕೊನೆಗೆ, ಹೊಳೆ ಕಡಲು ಸೇರುವ ಗಂಗೊಳ್ಳಿ ಅಳಿವೆಯೊಳಗೆ ಬರುವಾಗ ಅರೆಗಳಿಗೆ ತೂಕಡಿಸಿದ. ಬೋಟಿನ ಅಡಿ ಮರಳಿಗೆ ಉಜ್ಜಿತು. ಯಾರಿಗೂ ಏನೂ ಆಗಲಿಲ್ಲ. ಮಂಜಯ್ಯ ಬೈಯಲೂ ಇಲ್ಲ.

"ನಾಗಣ್ಣ, ನಿದ್ರಿ ಸರಿ ಮಾಡ್ಕಣಿ. ಮುಂದಿನ ಸೀಸನ್ನಿಗ್ ಬತ್ರಿಯೋ ಇಲ್ಯೋ, ಒಂದ್ ಕಾಗ್ದ ಬರ್ದ್ ಕಳ್ಸಿ. ಪಾಲ್ದಾರ್ರಿಗೆ ತೋರ್ಸ್ಕ್" ಅಂದಿದ್ದರು ಅಷ್ಟೆ.

ಬೋಟುಗಳಿಗೆ ಮಳೆಗಾಲದ ಮೀನುಗಾರಿಕೆ ನಿಷೇಧ ಅರ್ಧ ಕಳೆದರೂ ಆ ಕಾಗದ ಹೋಗಿರಲಿಲ್ಲ. ನಿದ್ದೆ ಸರಿಯಾಗಲಿ, ಬರುತ್ತೇನೆ ಅಂತಲೇ ಬರೆಯೋಣ ಎಂದು ನಾಗ ಕಾಯುತ್ತಿದ್ದ.

ಹಗಲು ಮಲಗಬೇಡಿ, ಬೆಳಿಗ್ಗೆ ಬೆಳಕಿನಲ್ಲಿ ನಡೆಯಿರಿ, ಸಂಜೆ ಮೇಲೆ ಚಾ ಬೇಡ, ಮೊಬೈಲನ್ನು ಹಾಸಿಗೆಗೆ ತರಬೇಡಿ ಅಂತ ಕುಂದಾಪುರದ ಡಾಕ್ಟರು ಹೇಳಿದ್ದರು. ನಾಗ ಚಾ ಬಿಟ್ಟ, ಮೊಬೈಲು ಬಿಟ್ಟ. ಉಂಡ ಮೇಲೆ ಅಡ್ಡಾಗುವುದನ್ನು ಮಾತ್ರ ಬಿಡಲಿಲ್ಲ. ರಾತ್ರಿಯೆಲ್ಲ ಜಗಲಿಯಲ್ಲಿ ಅವನ ಹೆಜ್ಜೆ, ಒಳಗೆ ಕಮಲಳಿಗೂ ಎಚ್ಚರ. ಬೆಳಗಾದರೆ ಅವಳು ಮೀನಿನ ಬುಟ್ಟಿ ಹೊತ್ತು ಬಸ್ಸು ಹತ್ತಬೇಕು. ಮೊನ್ನೆ ತೆಕ್ಕಟ್ಟೆಯಲ್ಲಿ ಇಳಿಯಬೇಕಾದವಳು ನಿದ್ದೆಹೋಗಿ ಕೋಟದಲ್ಲಿ ಇಳಿದಳು.

ಬಾಗಿಲು ದೂಡಿಕೊಂಡು ನಾಗನ ತಂಗಿ ಶ್ರೀಲತಾ ಬಂದಳು.

"ಹ್ವಾಯ್ ಅತ್ಗೆ, ಎಂತ ಮಟಮಟ ಮಧ್ಯಾಹ್ನ ಕತ್ಲಿ ಮಾಡ್ಕಂಡ್ ಕೂಕಂಡಿದ್ರಿ?"

"ಮೆಲ್ಲ ಮಾರಾಯ್ತಿ, ನಿನ್ನಣ್ಣ ಮನ್ಕಂಡಿದ್ರ್."

"ರಾತ್ರಿ ಯಾವ್ ಬೋಟಿಗ್ ಹೋಪುಕಿತ್ತ್ ಅವ್ನಿಗೆ? ಜಗ್ಲಿ ಬೋಟಿಗಾ? ಡಾಕ್ಟ್ರ್ ಹಗ್ಲ್ ಮನಿಕಂಬುಕಾಗ ಅಂದ್ರ್, ನೀವ್ ಕಾಣಿ, ತೊಟ್ಲ್ ತೂಗ್ತಾ ಇದ್ರಿ!"

ಕಮಲಳಿಗೆ ನಗು ಬರಲಿಲ್ಲ. ಕಲ್ಲಿನ ಮೇಲಿದ್ದ ತನ್ನ ಕೈಯನ್ನೇ ನೋಡಿದಳು. ಸೀರೆ ಕಟ್ಟು ಎಂದು ಯಾರೂ ಹೇಳಿರಲಿಲ್ಲ. ದಿನಾ ಕೈ ತಾನಾಗಿ ಕಟ್ಟುತ್ತಿತ್ತು. ಎದ್ದು ಹೋಗಿ ಬಿಚ್ಚಿದಳು. ಮಸಾಲೆ ಬಳಿದು ಮಿಕ್ಸಿಗೆ ಹಾಕಿ ಗುಂಡಿ ತಿರುಗಿಸಿದಳು.

ನಾಗ ಲುಂಗಿ ಹಿಡಿದುಕೊಂಡು ಓಡಿಬಂದ. "ಎಂತ ಹೆಣೆ, ಮನಿ ಬಿತ್ತಾ?"

"ಮನಿ ಇತ್ತ್. ನೀವ್ ಹೊರ್ಗ್ ಹೋಯ್ನಿ."

ಮೊದಮೊದಲು ಕಷ್ಟವೇ ಆಯಿತು. ಕೋಳಿಗೆ ರೋಗ ಬಂದ ಹಾಗೆ ಜಗಲಿಯಲ್ಲಿ ಕೂರುತ್ತಿದ್ದ. ಬಲೆ ಹೆಣೆಯುತ್ತ ತಲೆ ವಾಲಿದರೆ ಕಮಲ ಕೂಗುತ್ತಿದ್ದಳು, ಅವನು ಬೈಯುತ್ತಿದ್ದ. ಕೂಗಿ ಕೂಗಿ ಅವಳಿಗೂ ಸಾಕಾಯಿತು. ಬೆಳಿಗ್ಗೆ ಕಡಲ ದಂಡೆಯುದ್ದ ನಡೆದು ಬರುತ್ತಿದ್ದ. ಆಮೇಲಾಮೇಲೆ ರಾತ್ರಿ ಉಂಡ ಕೂಡಲೇ ಅವನ ಕಣ್ಣು ಎಳೆಯತೊಡಗಿತು. ಒಂದು ಬೆಳಗ್ಗೆ ಇಬ್ಬರೂ ಎದ್ದಾಗ ಅವಳ ಮೊದಲ ಬಸ್ಸು ಹೋಗಿಯಾಗಿತ್ತು.

"ಇನ್ನ್ ಬರ್ದ್ ಕಳ್ಸುವ" ಅಂದ ನಾಗ. ಆದರೂ ಕಡಲಲ್ಲಿ ರಾತ್ರಿ ಎಚ್ಚರ ಇರಬಲ್ಲೆನೇ ಎಂದು ಒಮ್ಮೆ ನೋಡಲು, ಶ್ರೀಲತಾಳ ಮಗ ರತನ್‌ನ ನಿಷೇಧ ತಗಲದ ನಾಡದೋಣಿಯಲ್ಲಿ ಸಂಜೆ ಹೊರಟ.

ಬೆಳಿಗ್ಗೆ ಅವನನ್ನು ಮನೆಗೆ ಬಿಟ್ಟ ರತನ್, "ಅತ್ತೆ, ಮಾವನ್ ಗೊರ್ಕಿಗೆ ಮೀನೆಲ್ಲ ಭಟ್ಕಳಕ್ ಓಡಿ ಹೋಯ್ತ್!" ಎಂದು ನಗುತ್ತ ಹೋದ.

ನಾಗ ನಗಲಿಲ್ಲ. ಮೆಟ್ಟಿಲ ಮೇಲೆ ಕುಳಿತ. "ದಡ ಮರೆ ಆಪುಕ್ ಮುಂಚೆಯೇ ಕಣ್ ಮುಚ್ಚಿ ಹೋಯ್ತ್."

ಕಮಲ ಒಳಗಿನ ಕಿಟಕಿಯ ಕಡೆ ನೋಡಿದಳು. "ಬೇಕಾರೆ ಮತ್ತೆ ಸೀರಿ ಕಟ್ತೆ. ಹಗ್ಲೇ ಮನ್ಕಣಿ. ಬೋಟಿಗ್ ಹೋಪುಕ್ ಆತ್ತಲ."

"ಹಗ್ಲ್ ಮನ್ಕಂಡೇ ಅಲ್ದಾ ಅಳಿವೆಯಗೆ ತೂಕಡ್ಸದ್ದ್? ಈ ವಯಸ್ಸಿಗೆ ಹಗ್ಲ್ ನಿದ್ರಿ ಸಾಕಾತಿಲ್ಲೆ." ಅವಳ ಮುಖ ನೋಡಿದ. "ನಿನ್ ಕಣ್ ಎಷ್ಟ್ ಒಳ್ಗ್ ಹೋಯ್ತ್. ಕಾಗ್ದ ತಕಂಡ್ ಬಾ. ಬತ್ತಿಲ್ಲೆ ಅಂದೇಳಿ ಬರಿ."

ಅವಳು ಬರೆದಳು. ಬೇರೆ ತಾಂಡೇಲನನ್ನು ನೋಡಿಕೊಳ್ಳಿ, ಬೋಟಿನ ಹುಡುಗರು ಜೋಪಾನ ಎಂದು ಅವನು ಹೇಳಿದಷ್ಟೇ. ಸಹಿ ಹಾಕಲು ನಾಗನಿಗೆ ಹೊತ್ತು ಹಿಡಿಯಿತು.

ಇಬ್ಬರೂ ರಸ್ತೆಯವರೆಗೆ ನಡೆದರು. ಗಂಗೊಳ್ಳಿಗೆ ಹೋಗುವ ಬಸ್ಸಿನ ಕಂಡಕ್ಟರ್ ಚಂದು ಬಾಗಿಲಲ್ಲಿ ನೇತಾಡುತ್ತ ಕೇಳಿದ, "ಎಂತ ನಾಗಣ್ಣ, ಸೀಸನ್ನಿಗ್ ಹೊರಟ್ರಿಯಾ?"

"ನಾನಲ್ಲ ಮಾರಾಯ, ಕಾಗ್ದ ಹೊರಟದ್. ಮಂಜಯ್ಯನ್ ಕೈಯಗೇ ಕೊಡ್."

ಚಂದು ಅದನ್ನು ಟಿಕೆಟ್ ಚೀಲಕ್ಕೆ ತುರುಕಿ ಸೀಟಿ ಊದಿದ.