ಉಜ್ಜಿ ನುಣುಪಾದ ಬೆಸುಗೆ

ಬಣ್ಣದ ವಾಸನೆ, ಹಸಿ ಬಣ್ಣ, ಪಕ್ಕದ ಮನೆಯದೇ ಇರಬೇಕು ಎಂದುಕೊಳ್ಳುತ್ತ ಹಿತ್ತಲ ಗೇಟು ತಳ್ಳಿದವಳಿಗೆ, ಅಮ್ಮ ಹಿಡಿದು ಇಳಿಯಲೆಂದು ತಾನೇ ಬೆಸೆದ ಮೆಟ್ಟಿಲ ಕಂಬಿ ಹಸಿರಾಗಿ ಕಂಡಿತು, ಯಾರು ಹೇಳಿದ್ದು ಇದಕ್ಕೆ ಬಣ್ಣ ಬಳಿಯೋಕೆ — ಹೆಗಲ ಚೀಲವನ್ನೂ ಇಳಿಸದೆ ಬಗ್ಗಿ ಮೂಲೆಯ ಬೆಸುಗೆಯನ್ನು ಬೆರಳಿಂದ ಸವರಿದಳು, ನುಣುಪು, ತಟ್ಟೆಯ ಅಂಚಿನಷ್ಟು ನುಣುಪು, ಉಬ್ಬಿಕೊಂಡಿದ್ದ ತನ್ನ ಬೆಸುಗೆ ಎಲ್ಲಿ, ಹಿಡಿತವೆಲ್ಲ ಆ ಉಬ್ಬಿನಲ್ಲೇ ಇದ್ದದ್ದು, ಯಾರೋ ಉಜ್ಜಿ ಹಾಕಿದ್ದಾರೆ, ಗ್ರೈಂಡರ್ ಹಿಡಿದು ಮಟ್ಟಸವಾಗಿ ಉಜ್ಜಿ, ಉಳಿದ ಸಂದಿಗೆ ಪುಟ್ಟಿ ಮೆತ್ತಿ, ಮೇಲೆ ಬಣ್ಣ. ಬಾಗಿಲಲ್ಲಿ ಅಣ್ಣ, ಹೆಂಗಿದೆ ನೋಡು, ಹಕ್ಕಿ ಹಿಕ್ಕೆ ಹಾಕಿದ ಹಾಗಿತ್ತು ನಿಂದು, ನಾಳೆ ನಿಮ್ಮತ್ತಿಗೆ ಕಡೆಯವರು ಬರ್ತಾರೆ, ನೋಡಿದವರು ಏನಂದ್ಕೋತಾರೆ, ಈಗ ಅಂಗಡಿ ಮಾಲಿನ ಥರ ಆಯ್ತು — ಮೈಯೆಲ್ಲ ಉರಿದುಹೋಯಿತು ಅವಳಿಗೆ, ದೊಡ್ಡ ಉಪಕಾರ ಮಾಡಿದವನ ಹಾಗೆ ನಗು ಬೇರೆ. ಅಂಗಡಿಯಲ್ಲೂ ಹೀಗೇ ಆಗಿತ್ತು, ಬೆಸುಗೆ ಮೆಷಿನ್ ಕೊಳ್ಳಲು ಹೋದವಳು ತಾನು, ಅಂಗಡಿಯವನು ಮಾತಾಡಿದ್ದು ಅಣ್ಣನ ಜೊತೆ, ದೊಡ್ಡದು ತಗೊಳ್ಳಿ ಸಾರ್, ತಂತಿ ತಾನಾಗೇ ಬರುತ್ತೆ, ಗೆರೆ ಎಳೆದ ಹಾಗೆ ಕೂರುತ್ತೆ, ಮೇಡಂಗೂ ಸುಲಭ, ಅಣ್ಣ ತಲೆಯಾಡಿಸಿದ್ದೇ ಆಡಿಸಿದ್ದು, ನಮ್ಮನೆ ಫ್ಯೂಸ್ ತಡೀಬೇಕಲ್ಲ, ಹಿತ್ತಲಲ್ಲಿ ಗಾಳಿ ಬೀಸಿದ್ರೆ ಬೆಸುಗೆ ಕಾಯೋ ನಿಮ್ಮ ಗ್ಯಾಸ್ ನಿಲ್ಲುತ್ತಾ ಎಂದು ಕೇಳಿದವಳು ತಾನೊಬ್ಬಳೇ, ಹಟ ಹಿಡಿದು ರಾಡು ಕರಗಿಸಿ ಬೆಸೆಯುವ ಸಣ್ಣ ಮೆಷಿನ್ನನ್ನೇ ತಂದಳು, ತಂದ ಮೇಲೆ ಪಟ್ಟ ಪಾಡು — ಅಂಟಿಕೊಂಡ ರಾಡು ಬಿಡದು, ಕರೆಂಟು ಏರಿಸಿದರೆ ತೆಳು ಪೈಪು ತೂತು, ಇಳಿಸಿದರೆ ಬೆಸುಗೆ ಮೇಲೆ ಮೇಲೆ ಕೂತು ಒಳಗಿಳಿಯದು, ಚೂರು ಪೈಪುಗಳನ್ನು ಬೆಸೆದು ಸುತ್ತಿಗೆಯಿಂದ ಬಡಿದು ನೋಡುವುದು, ಮುರಿಯಿತು, ಮತ್ತೆ ಬೆಸೆ, ಮುರಿಯಿತು, ಕೊನೆಗೊಮ್ಮೆ ಪೈಪೇ ಬಾಗಿತು, ಬೆಸುಗೆ ಬಿಡಲಿಲ್ಲ, ಅಂದು ಒಬ್ಬಳೇ ನಿಂತು ಜೋರಾಗಿ ನಕ್ಕಿದ್ದಳು. ಅಂಥ ಬೆಸುಗೆ ಅದು, ಚೆಂದವಿರಲಿಲ್ಲ, ಒಪ್ಪಿದೆ, ಆದರೆ ಇಡೀ ಮೈಭಾರ ಹಾಕಿ ಜೋತಾಡಿದರೂ ಮಿಸುಕಿರಲಿಲ್ಲ, ಈ ಮೆಟ್ಟಿಲಲ್ಲೇ ತಾನೇ ಅಮ್ಮ ಜಾರಿ ತೊಡೆಮೂಳೆ ಮುರಿದುಕೊಂಡದ್ದು, ತಿಂಗಳುಗಟ್ಟಲೆ ಹಾಸಿಗೆ ಹಿಡಿದದ್ದು, ಆಗೆಲ್ಲಿ ಹೋಗಿತ್ತೋ ನಿನ್ನ ಅಂದಚೆಂದ ಎಂದು ಕಿರುಚಿದಳು.

ಗದ್ದಲ ಕೇಳಿ ಅಮ್ಮ ಒಳಗಿಂದ ಬರುತ್ತಾಳೆ, ಕೋಲಿಲ್ಲದೆ, ಗೋಡೆ ಹಿಡಿದು, ಯಾಕೆ ಕಿರುಚ್ತೀಯ, ನಿನ್ನ ಕಂಬಿ ಇದ್ಮೇಲೆ ಕೋಲ್ಯಾಕೆ ಅಂತ ಆಗಲೇ ಇಳಿದು ಹತ್ತಿದೀನಿ ಕಣೆ, ಬಣ್ಣ ಒಣಗಿದೆ ಅಂದ್ಕೊಂಡೆ, ನೋಡಿಲ್ಲಿ — ಅಂಗೈ ಎತ್ತಿ ತೋರಿಸಿ ಮಗುವಿನ ಹಾಗೆ ನಗುತ್ತಾಳೆ, ಅಂಗೈ ತುಂಬ ಹಸಿರು. ಮುಟ್ಟಬೇಡಮ್ಮ, ಅಲ್ಲೇ ನಿಲ್ಲು ಎನ್ನುತ್ತಾಳೆ ಅವಳು. ಏನೇ ಇದು ನಿಂದು ಅತಿಯಾಯ್ತು, ಬಣ್ಣ ತಾನೇ ಬಳಿದಿರೋದು ಎನ್ನುತ್ತಾನೆ ಅಣ್ಣ, ಅಷ್ಟರಲ್ಲಿ ಅವಳ ಕೈಗೆ ಸುತ್ತಿಗೆ ಬಂದಿದೆ, ಒಂದೇಟು, ಪುಟ್ಟಿ ಉದುರಿತು, ಇನ್ನೊಂದೇಟು, ಕೂದಲೆಳೆಯಷ್ಟು ಉಳಿದಿದ್ದ ಬೆಸುಗೆ ಚಟ್ಟೆಂದಿತು, ಕಂಬಿ ಕಳಚಿ ಕಲ್ಲಿನ ಮೇಲೆ ಬಿತ್ತು. ಕಳಚಿದ ತುದಿಯನ್ನು ಅಣ್ಣ ಬಗ್ಗಿ ನೋಡುತ್ತಾನೆ, ಈಗ ಬಯ್ಯಬೇಕು, ನೀರಿಳಿಸಬೇಕು ಇವನಿಗೆ, ಎಂದು ತಿರುಗಿದರೆ ಅಮ್ಮ ಇನ್ನೂ ಕೈ ಇಳಿಸಿಲ್ಲ, ಬೆರಳ ಸಂದಿಯಲ್ಲೂ ಹಸಿರು, ಸುಮ್ಮನೆ ಸೋಕಿದ್ದಲ್ಲ ಅದು, ಮೈಭಾರವನ್ನೆಲ್ಲ ಊರಿ, ನಂಬಿ, ಬಿಗಿಯಾಗಿ ಹಿಡಿದದ್ದು, ಆ ಹಸಿರು ಅಂಗೈ, ಆ ಅಂಗೈ —