ಯಾವ ಕಡೆ ಅಂತ ಹೇಳಬೇಡ

“ಲೈಟ್ ಹಾಕಬೇಡ ಮಾರಾಯ್ತಿ. ಹಾಕಿದ್ರೆ ಬಾಗಿಲ ಗಾಜಿನ ಮೇಲೆ ನೆರಳು ಬೀಳುತ್ತಂತೆ. ಕಾರಿಡಾರಿನವರಿಗೆಲ್ಲ ಪುಕ್ಕಟೆ ಸಿನಿಮಾ ಯಾಕೆ?” ಅಂದಳು ಅಹಲ್ಯಾ.

ರತ್ನಪ್ರಭಾ ಚಿಲಕ ಹಾಕಿದಳು. ಊಟದ ಹೊತ್ತಾದರೂ ಹೊರಗೆ ಜನವರಿಯ ಮಂಜು ಕರಗಿರಲಿಲ್ಲ. ಕೇಂದ್ರ ಸಚಿವಾಲಯದ ಟೆಲಿಫೋನ್ ಬೋರ್ಡಿನ ಈ ಕೋಣೆಗೆ ಕಿಟಕಿಯೇ ಇಲ್ಲ. ಹುಟ್ಟಿನಿಂದ ಕಣ್ಣು ಕಾಣದ ಆಪರೇಟರ್ ಅಹಲ್ಯಾಗೆ ಇಪ್ಪತ್ತೆರಡು ವರ್ಷಗಳಲ್ಲಿ ಅದು ಬೇಕೂ ಆಗಿರಲಿಲ್ಲ. ಕತ್ತಲಲ್ಲಿ ಕೆಂಪು ದೀಪಗಳು ಒಂದೊಂದಾಗಿ ಹೊತ್ತಿ ಆರುತ್ತಿದ್ದವು. ತೆಗೆದಿಟ್ಟ ಹೆಡ್‌ಫೋನಿನೊಳಗಿಂದ ಯಾರೋ ಗಂಡಸು, ತೀರಾ ದೂರದಿಂದ, “ಹಲೋ? ಕೋಯಿ ಹೈ?” ಎನ್ನುತ್ತಿದ್ದ.

“ಕೂಗಲಿ ಬಿಡು. ಲಂಚ್ ಟೈಮು.”

ಎರಡು ತಿಂಗಳ ಹಿಂದೆ ಸ್ನಾನ ಮಾಡುವಾಗ ರತ್ನಪ್ರಭಾಳ ಎಡ ಎದೆಯಲ್ಲಿ ಗಂಟೊಂದು ಕೈಗೆ ಸಿಕ್ಕಿತ್ತು, ನೆನೆದ ಕಡಲೆಕಾಳಿನಷ್ಟು. ಮ್ಯಾಮೊಗ್ರಾಂ ಏನೂ ಇಲ್ಲ ಅಂದಿತು. ಡಿಸ್ಪೆನ್ಸರಿಯ ಡಾಕ್ಟರು ಕಾಗದ ಓದಿದರೇ ಹೊರತು ಮುಟ್ಟಿ ನೋಡಲಿಲ್ಲ. “ವಹಮ್ ಹೈ, ಬೆಹೆನ್‌ಜೀ” ಎಂದು ಕಳಿಸಿದರು. ಗಂಡ ದೇವೇಂದ್ರಪ್ಪ ಬೇರೆ ಇಲಾಖೆಯಲ್ಲಿ ಸೆಕ್ಷನ್ ಆಫೀಸರು. “ಭ್ರಮೆ ಅಂತ ಡಾಕ್ಟರೇ ಹೇಳಿದ ಮೇಲೆ ಮುಗೀತಲ್ಲ” ಎಂದು ರಿಪೋರ್ಟಿಗೆ ದಾರ ಪೋಣಿಸಿ ಫೈಲಿನಲ್ಲಿ ಕಟ್ಟಿಟ್ಟಿದ್ದ. ಆಮೇಲಾಮೇಲೆ ಅವಳಿಗೆ ತನ್ನ ಬೆರಳಿನ ಮೇಲೇ ಅನುಮಾನ. ಗಂಟು ಒಂದು ದಿನ ಸಿಗುತ್ತಿತ್ತು, ಒಂದು ದಿನ ಇಲ್ಲ. ಸಿಗದ ದಿನ ಅದು ಒಳಗೆಲ್ಲೋ ಸರಿದು ಕೂತು ತನ್ನನ್ನೇ ಕಾಯುತ್ತಿದೆ ಅನ್ನಿಸುತ್ತಿತ್ತು. ಇಡೀ ಆಫೀಸಿನಲ್ಲಿ ಕನ್ನಡ ಆಡುವವರು ಅವಳು, ಅಹಲ್ಯಾ ಇಬ್ಬರೇ. ಬೆರಳಲ್ಲೇ ಓದುವವಳು ಒಬ್ಬಳೇ.

“ಅಕ್ಕಾ, ಅದು...”

“ಯಾವ ಕಡೆ ಅಂತ ಹೇಳಬೇಡ. ಹೇಳಿದ್ರೆ ನನ್ನ ಕೈಯೂ ಅದನ್ನೇ ಹುಡುಕುತ್ತೆ. ಮೇಜಿನ ಮೇಲೆ ಮಲಗು. ಅಯ್ಯೋ, ಸ್ವೆಟರ್ ಎಷ್ಟು ಹಾಕ್ಕೊಂಡಿದ್ದೀಯೇ, ಈರುಳ್ಳಿ ಸುಲಿದ ಹಾಗೆ!”

ರತ್ನಪ್ರಭಾ ನಕ್ಕಳು. ತಣ್ಣನೆಯ ಬೆರಳುಗಳು ಬಲಗಡೆ ಇಳಿದಾಗ ನಗು ನಿಂತಿತು. ಅವು ಸಾಲು ಬಿಡದೆ ಓದುತ್ತ ಬಂದವು. ಎಡಕ್ಕೆ ದಾಟಿದವು. ಆ ಜಾಗಕ್ಕೆ ಬಂದವು. ನಿಲ್ಲದೆ ಮುಂದಕ್ಕೆ ಹೋದವು.

ಹಾಗಾದರೆ ಇಲ್ಲ. ಹಾಗಾದರೆ ತನಗೇ ಹುಚ್ಚು.

ಬೆರಳುಗಳು ಹಿಂದಕ್ಕೆ ಬಂದು ಅಲ್ಲೇ ನಿಂತವು.

“ಇಲ್ಲಿ,” ಅಂದಳು ಅಹಲ್ಯಾ. “ಅಲ್ವಾ?”

ರತ್ನಪ್ರಭಾಗೆ ಅಳು ಬಂತು, ಆಶ್ಚರ್ಯವೆಂದರೆ ಸಮಾಧಾನಕ್ಕೆ. “ಹೂಂ, ಅಕ್ಕಾ. ಅದೇ.”

ಕೈ ಮಾತ್ರ ಇನ್ನೂ ಮುಗಿಸಿರಲಿಲ್ಲ. ಅದು ಕಂಕುಳಿನ ತನಕ ಹೋಗಿ, ಅಲ್ಲಿ ಬಹಳ ಹೊತ್ತು ನಿಂತಿತು. ಹೆಡ್‌ಫೋನಿನ ಗಂಡಸು ಯಾವಾಗಲೋ ಸುಮ್ಮನಾಗಿದ್ದ.

“ರತ್ನಾ, ಇಲ್ಲೂ ಒಂದಿರೋದು ನಿನಗೆ ಗೊತ್ತಿತ್ತಾ?”

“ಇನ್ನೊಂದಾ?”

ಅಹಲ್ಯಾ ಹೆಡ್‌ಫೋನ್ ಏರಿಸಿ ಹೊರಗಿನ ಲೈನಿನಲ್ಲಿ ಆಸ್ಪತ್ರೆ ಹಿಡಿದಳು. ಅವಳ ದನಿ ಬದಲಾಯಿತು. ಮಂತ್ರಿಗಳಿಗೆ ಕರೆ ಜೋಡಿಸುವ ಹಿಂದಿಯ ದನಿ. “ಮಿನಿಸ್ಟ್ರಿಯಿಂದ ಮಾತಾಡ್ತಿದ್ದೀನಿ. ಸರ್ಜನ್ ಬೇಕು, ಇವತ್ತೇ. ಹಾಂ ಜೀ, ಮ್ಯಾಮೊಗ್ರಾಂ ಕ್ಲಿಯರ್ ಇದೆ. ಆದರೂ ಬೇಕು.”

“ಅಕ್ಕಾ, ಅವರಿಗೆ ಏನಂತ ಹೇಳಲಿ, ಮನೇಲಿ?”

“ಹೋಲ್ಡ್‌ನಲ್ಲಿಟ್ಟಿದ್ದಾರೆ, ತಡಿ.”

ಆಚೆ ಕಡೆಯಿಂದ ಮಕ್ಕಳ ಗೊಂಬೆಯೊಳಗಿನದರಂಥ ಸಣ್ಣ ಸಂಗೀತ ಕೇಳಿಸುತ್ತಿತ್ತು. ಅಹಲ್ಯಾ ಬಿಡುವಾಗಿದ್ದ ಕೈಯಿಂದ ಮೇಜು ತಡವಿ ಪಿನ್ನು ಹುಡುಕಿದಳು. ರತ್ನಪ್ರಭಾಳ ಸೆರಗನ್ನು ನೆರಿಗೆ ಹಿಡಿದು, ಹೆಗಲ ಮೇಲೆ, ಚುಚ್ಚದಂತೆ ಸಿಕ್ಕಿಸಿದಳು. ಸಂಗೀತ ಮುಗಿಯಿತು. ಮತ್ತೆ ಮೊದಲಿನಿಂದ ಶುರುವಾಯಿತು.